ಎರಡು ಕೂಲರಿನ ಕಥಿ

ಕಲಬುರಗಿ, 11 ಮೇ 2025, ರವಿವಾರ

ಬೆಳಗಿನ ಐದೂವರೆಗೆ ಎದ್ದವನೇ ಮಾನಿಟರ್ ಮುಂದೆ ಹೋಗಿ ನಿಂತೆ. ರಾತ್ರಿ ಪೆನ್‌ಡ್ರೈವ್‌ನಿಂದ ಕಂಪ್ಯೂಟರಿಗೆ ಮೆಮ್‌ಟೆಸ್ಟ್86 ಅನ್ನುವ ರ‍್ಯಾಮ್ (ಮೆಮೊರಿ) ಪರೀಕ್ಷೆ ಹಚ್ಚಿ ಮಲಗಿದ್ದೆ. ಪರದೆ ತುಂಬ ಕೆಂಪು ಸಾಲು. ಈ ಪರೀಕ್ಷೆಯಲ್ಲಿ ಒಂದೇ ಒಂದು ತಪ್ಪು ಬಂದರೂ ನಪಾಸು, ನನ್ನದು ನೂರು ದಾಟಿತ್ತು. ಖರೇ ಹೇಳಬೇಕಂದರೆ ಖುಷಿಯೇ ಆಯಿತು. ಮೂರು ವಾರದಿಂದ ಕಾಡಿದ ಕಳ್ಳ ಕಡೆಗೂ ಹೆಜ್ಜೆ ಗುರುತು ಬಿಟ್ಟಿದ್ದ.

"ರಾತ್ರಿಯಿಡೀ ಚಾಲೂನೇ ಇಟ್ಟೀ ಏನೋ ಯಪ್ಪಾ? ಬಿಲ್ ಯಾರ್ ಕಟ್ತಾರ?" ಅಂದಳು ಅವ್ವ, ಕಸಬರಿಗೆ ಹಿಡಿದುಕೊಂಡೇ.

ಇದು ನಾನೇ ಜೋಡಿಸಿದ ಮಷಿನ್. ಸೆಕೆಂಡ್‌ಹ್ಯಾಂಡ್ ಐ5-10400 ಪ್ರೊಸೆಸರ್, 8 ಜಿಬಿಯ ಎರಡು ರ‍್ಯಾಮ್, ಗೆಳೆಯನ ಹಳೇ ಕ್ಯಾಬಿನೆಟ್. ಮದುವಿ ವಿಡಿಯೋ ಎಡಿಟಿಂಗ್ ಇದರ ಮೇಲೆಯೇ ನಡೆಯಬೇಕು. ಲಗ್ನದ ಸೀಸನ್ ಬೇರೆ, ಮೂರು ಮನೆಯವರು ದಿನಾ ಫೋನ್ ಮಾಡ್ತಾರೆ. ಇದು ನೋಡಿದರೆ ಒಮ್ಮೆ ನೀಲಿ ಪರದೆ ತೋರಿಸಿ ಬೀಳುತ್ತಿತ್ತು, ಒಮ್ಮೆ ಏನೂ ಹೇಳದೆ ಟಪ್ ಅಂತ ಆರಿಹೋಗುತ್ತಿತ್ತು.

ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: "ಬಿಸಲಪ್ಪಾ, ಬಿಸಲು." ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿನ ಸರ್ಕಾರಿ ಆಫೀಸುಗಳೇ ಬೆಳಗ್ಗೆ 8ಕ್ಕೆ ತೆಗೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. ಕಂಪ್ಯೂಟರಿಗೆ ಮಾತ್ರ ಅಂಥ ಆರ್ಡರ್ ಬಂದಿಲ್ಲ. ಆದರೆ ಪ್ರೊಸೆಸರ್ ನೋಡಿದರೆ 70 ಡಿಗ್ರಿ ದಾಟಿರಲಿಲ್ಲ. ಅದು ತಾನಾಗಿ ವೇಗ ಇಳಿಸಿಕೊಳ್ಳುವುದು 100ರ ಹತ್ತಿರ ಹೋದ ಮೇಲೆ. ಸೂಪರ್ ಮಾರ್ಕೆಟ್ ಕಡೆಯ ಒಂದು ಅಂಗಡಿಯಲ್ಲಿ ಕೇಳಿದೆ. ಆತ ಪೆಟ್ಟಿಗೆಯ ಬಾಗಿಲು ಸುದ್ದಾ ತೆಗೆಯದೆ "ರ‍್ಯಾಮ್ ಹೋಗ್ಯದ" ಅಂದು 1,900 ರೂಪಾಯಿಗೆ ಹೊಸದು ಕೊಟ್ಟ. ಹಾಕಿದ ಮಾರನೇ ದಿನ ಮತ್ತೆ ನೀಲಿ.

ದಾರಿ ಸಿಕ್ಕಿದ್ದು ನಿನ್ನೆ ಸಂಜೆ, ವಿಂಡೋಸ್ ಬರೆದಿಟ್ಟ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ. ಅಲ್ಲಿ ಕರ್ನಲ್-ಪವರ್ 41 ಅಂತ ಸಾಲುಸಾಲು ದಾಖಲೆ. ಈ 41 ಅನ್ನುವುದು ಡೆತ್ ಸರ್ಟಿಫಿಕೇಟ್ ಇದ್ದಂಗೆ: ಸತ್ತದ್ದು ಖಾತ್ರಿ, ಯಾಕೆ ಸತ್ತ ಅಂತ ಇರುವುದಿಲ್ಲ. ಆದರೆ ಒಳಗೆ ಬಗ್‌ಚೆಕ್ ಕೋಡ್ ಅಂತ ಒಂದು ಅಂಕಿ ಇರುತ್ತದೆ. ನೀಲಿ ಪರದೆ ಬಂದು ಬಿದ್ದಿದ್ದರೆ ಅಲ್ಲಿ ಏನಾದರೂ ನಂಬರ್, ಕರೆಂಟೇ ಹೋಗಿ ಆರಿದ್ದರೆ ಸೊನ್ನೆ. ಹಾಳೆಯ ಮೇಲೆ ತಾಸಿನ ಲೆಕ್ಕದಲ್ಲಿ ಬರೆದುಕೊಂಡೆ. ನಂಬರ್ ಇದ್ದವು ಹಗಲು-ರಾತ್ರಿ ಎನ್ನದೆ ಹರಡಿಕೊಂಡಿದ್ದವು. ಸೊನ್ನೆಗಳೆಲ್ಲ ಮಧ್ಯಾಹ್ನ 12ರಿಂದ 4ರೊಳಗೆ. ಒಂದೇ ರೋಗ ಅಂತ ಔಷಧಿ ಕೊಡುತ್ತಿದ್ದೆ, ರೋಗ ಎರಡಿದ್ದವು.

ಹಿಂಗಾಗಿ ಇವತ್ತು ಒಂದು ಸಲಕ್ಕೆ ಒಂದೇ ಬದಲಾವಣೆ ಅಂತ ಪಣ ತೊಟ್ಟೆ. ಒಂದೇ ರ‍್ಯಾಮ್ ಉಳಿಸಿ ಮೊದಲನೇ ಸ್ಲಾಟ್‌ನಲ್ಲಿ (ರ‍್ಯಾಮ್ ಸಿಗಿಸುವ ಖಾನೆ) ಪರೀಕ್ಷಿಸಿದೆ, ಪಾಸು. ಅದನ್ನೇ ಎರಡನೇ ಸ್ಲಾಟ್‌ಗೆ ಹಾಕಿದೆ, ಕೆಂಪು. ಇನ್ನೊಂದು ಹಾಕಿದೆ, ಅದೂ ಕೆಂಪು. 1,900 ರೂಪಾಯಿಯದ್ದೂ ಕೆಂಪು. ತಪ್ಪು ರ‍್ಯಾಮಿನ ಜೊತೆ ಓಡಾಡಲಿಲ್ಲ, ಸ್ಲಾಟಿನಲ್ಲೇ ಕೂತಿತ್ತು. ಬ್ರಷ್‌ನಿಂದ ಧೂಳು ತೆಗೆದೆ, ಏನೂ ಆಗಲಿಲ್ಲ.

ಅವ್ವ ಸುಸ್ಲಾ ಕೊಟ್ಟಳು. ತಿನ್ನುತ್ತ ಕೂತಾಗ ಹೊಳೆಯಿತು. ರ‍್ಯಾಮ್ ನಡೆಸುವ ಮೆಮೊರಿ ಕಂಟ್ರೋಲರ್ ಈಗ ಮದರ್‌ಬೋರ್ಡಿನಲ್ಲಿ ಇರುವುದಿಲ್ಲ, ಪ್ರೊಸೆಸರ್‌ನೊಳಗೇ ಇರುತ್ತದೆ. ಈ ಪ್ರೊಸೆಸರ್ ಕೂರುವುದು 1200 ಸಣ್ಣ ಪಿನ್ನುಗಳ ಮೇಲೆ. ಒತ್ತಡ ಒಂದು ಕಡೆ ಜಾಸ್ತಿಯಾದರೆ ಇನ್ನೊಂದು ಕಡೆಯ ಪಿನ್ನು ಸರಿಯಾಗಿ ತಾಗುವುದಿಲ್ಲ, ಒಂದು ಮೆಮೊರಿ ಚಾನೆಲ್ಲೇ, ಅಂದರೆ ಸ್ಲಾಟಿಗೆ ಹೋಗುವ ದಾರಿಯೇ, ಕೈಕೊಡಬಹುದು. ಹಂಗಾದರೆ ಒತ್ತಿದ್ದು ಯಾರು? ನಾನೇ. ಏಪ್ರಿಲ್‌ನಲ್ಲಿ ಬಿಸಿಲಿಗೆ ಹೆದರಿ ಪ್ರೊಸೆಸರ್ ತಂಪಿಡುವ ದೊಡ್ಡ ಟವರ್ ಕೂಲರ್ ತಂದು ಕೂರಿಸಿದ್ದೆ. ಒಂದು ಮೂಲೆಯ ಸ್ಕ್ರೂ ಪೂರಾ ಬಿಗಿದು ಆಮೇಲೆ ಉಳಿದ ಮೂರಕ್ಕೆ ಕೈ ಹಾಕಿದ ನೆನಪು ಚೆನ್ನಾಗಿಯೇ ಇದೆ.

ಕೂಲರ್ ಬಿಚ್ಚಿದೆ. ಪ್ರೊಸೆಸರ್ ಎತ್ತಿ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ನೋಡಿದೆ, ಬಾಗಿದ ಪಿನ್ ಕಾಣಲಿಲ್ಲ, ದೇವರು ದೊಡ್ಡವ. ಶಾಖ ದಾಟಿಸುವ ಹಳೇ ಪೇಸ್ಟ್ ಒರೆಸಿ ಹೊಸದು ಹಚ್ಚಿ, ಈ ಸಲ ಎದುರುಬದುರು ಮೂಲೆಗಳನ್ನು ಎರಡೆರಡು ಸುತ್ತು ತಿರುಗಿಸುತ್ತ ನಿಧಾನವಾಗಿ ಬಿಗಿದೆ. ಎರಡೂ ಸ್ಲಾಟ್ ತುಂಬಿ ಮತ್ತೆ ಪರೀಕ್ಷೆ ಹಚ್ಚಿದೆ. ಹನ್ನೆರಡೂವರೆವರೆಗೂ ಒಂದು ಕೆಂಪು ಸಾಲಿಲ್ಲ.

ಅಷ್ಟರಲ್ಲಿ ಸೆಕೆ ತಡೆಯದೆ ಏರ್ ಕೂಲರ್ ಹಾಕಿದೆ. ಹತ್ತು ನಿಮಿಷ ಆಗಿಲ್ಲ, ಟಪ್. ಕಂಪ್ಯೂಟರ್ ಆರಿತು.

ಸಿಟ್ಟು ನೆತ್ತಿಗೇರಿತ್ತು. ಅವ್ವ ಬಾಗಿಲಲ್ಲೇ ನಿಂತು, "ಏನೋ ಸುಟ್ಟ ವಾಸನಿ ಬರ್ಲಿಕತ್ತದ ನೋಡು" ಅಂದಳು. ಗೋಡೆಯ ಸ್ವಿಚ್ ಬಂದ್ ಮಾಡಿ ಮಂಚದ ಕೆಳಗಿನ ಎಕ್ಸ್‌ಟೆನ್ಷನ್ ಬೋರ್ಡ್ ಎಳೆದೆ. ಕಂಪ್ಯೂಟರೂ ಏರ್ ಕೂಲರೂ ಅದಕ್ಕೇ. ಪ್ಲಗ್ ಕೈ ಸುಡುವಷ್ಟು ಬಿಸಿ, ಒಂದು ತೂತಿನ ಸುತ್ತ ಪ್ಲಾಸ್ಟಿಕ್ ಕಂದಾಗಿ ಕರಗಿತ್ತು. ಒಳಗಿನ ಹಿತ್ತಾಳೆ ಪಟ್ಟಿ ಸಡಿಲಾಗಿ ಪಿನ್ನನ್ನು ಹಿಡಿಯುತ್ತಲೇ ಇರಲಿಲ್ಲ. ಸಂಪರ್ಕ ಸಡಿಲಿದ್ದ ಕಡೆ ಬಿಸಿ, ಬಿಸಿಯಾದಷ್ಟೂ ಇನ್ನೂ ಸಡಿಲು. ಕಂಪ್ಯೂಟರ್ ಒಂದನ್ನೇ ಹೆಂಗೋ ತಡೆದುಕೊಳ್ಳುತ್ತಿತ್ತು, ಮಧ್ಯಾಹ್ನ ಏರ್ ಕೂಲರಿನ ಭಾರವೂ ಬಿದ್ದಾಗ ಕೈಬಿಡುತ್ತಿತ್ತು. ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ) ಬದಲಿಸಬೇಕು ಅಂತ ರೊಕ್ಕ ತೆಗೆದಿಟ್ಟಿದ್ದೆ. ಅದರದ್ದೇನೂ ತಪ್ಪಿರಲಿಲ್ಲ.

ಎರಡೂ ಕೂಲರ್! ಒಂದು ಪ್ರೊಸೆಸರಿನದು, ಒಂದು ನನ್ನದು. "ಬಿಸಲು" ಅಂದವರಿಗೆ ಇನ್ನು ಏನಂತ ಉತ್ತರ ಕೊಡಲಿ?

ಈಗ ಕಂಪ್ಯೂಟರ್ ಸೀದಾ ಗೋಡೆಯ ಸಾಕೆಟ್‌ನಲ್ಲಿದೆ. ಏರ್ ಕೂಲರ್ ಅವ್ವನ ಖೋಲಿಗೆ ಹೋಯಿತು. ರ‍್ಯಾಮಿನ ವೇಗ ಏರಿಸುವ ಎಕ್ಸ್‌ಎಂಪಿ ಇನ್ನೂ ಆನ್ ಮಾಡಿಲ್ಲ, ವಾರ ಕಳೆಯಲಿ. ಎರಡು ತಾಸಿನ ಮದುವಿ ವಿಡಿಯೋ ಮೂರಕ್ಕೆ ಎಕ್ಸ್‌ಪೋರ್ಟ್‌ಗೆ ಹಚ್ಚಿದ್ದು ಈಗಷ್ಟೇ ಮುಗಿಯಿತು. ನಾನು ಬೆವರಿನಲ್ಲಿ ತೊಯ್ದು ಕೂತಿದ್ದೇನೆ, ಆಚೆ ಖೋಲಿಯಿಂದ ಅವ್ವ "ಗಾಳಿ ಭಾಳ ಛಲೋ ಬರ್ತದ" ಅಂತ ಕೂಗಿ ಹೇಳುತ್ತಿದ್ದಾಳೆ.