ಹುಣ್ಣಿಮೆ, ಬೋರ್‌ವೆಲ್ ಮತ್ತು ಭೂಕಂಪ

ದೊಡ್ಡ ಭೂಕಂಪಗಳೆಲ್ಲ ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲೇ ಆಗುತ್ತವೆಂದು ತೋರಿಸುವ ಪಟ್ಟಿಯನ್ನು ಮೇಷ್ಟ್ರು ಮೇಜಿನ ಮೇಲೆ ಹರಡಿದಾಗ ನನಗೆ ಮೈ ಜುಮ್ಮೆಂದಿತು. ಕಿಲ್ಲಾರಿ, 1993ರ ಸೆಪ್ಟೆಂಬರ್ 30: ಹುಣ್ಣಿಮೆ. ಜಬಲ್ಪುರ, 1997ರ ಮೇ 22: ಹುಣ್ಣಿಮೆ. ಭುಜ್, 2001ರ ಜನವರಿ 26: ಅಮಾವಾಸ್ಯೆ ಕಳೆದು ಎರಡನೇ ದಿನ. ಟರ್ಕಿ, 2023ರ ಫೆಬ್ರುವರಿ 6: ಭಾರತ ಹುಣ್ಣಿಮೆಯ ಮರುದಿನ ಬೆಳಗಿನ ಜಾವ. ಪಂಚಾಂಗ ಎದುರಿಗಿಟ್ಟುಕೊಂಡು ಒಂದೊಂದನ್ನೂ ತಾಳೆ ನೋಡಿದ್ದರು.

ಚಿತ್ರದುರ್ಗದ ಒಂದು ಶಾಲೆಯ ಕೊಠಡಿ, ಭಾನುವಾರ. ಮೇಷ್ಟ್ರು ಗಣಿತ ಕಲಿಸಿ ನಿವೃತ್ತರಾದವರು. ಅವರ ಹಳೆಯ ವಿದ್ಯಾರ್ಥಿನಿಯೊಬ್ಬರು ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನ ಬಳಿಯ ಕಂಪನಗಳ ಮೇಲೆ ಕೆಲಸ ಮಾಡಿರುವ ವಿಜ್ಞಾನಿ. ರಜೆಗೆ ಊರಿಗೆ ಬಂದಿದ್ದವರನ್ನು ಮೇಷ್ಟ್ರೇ ಕರೆಸಿದ್ದರು. ಹಿರಿಯೂರು ಕಡೆಯ ರೈತರೊಬ್ಬರು ನೋಟ್‌ಬುಕ್ ಹಿಡಿದು ಬಂದಿದ್ದರು. ಜೊತೆಗೆ ನಮ್ಮಂಥ ಕುತೂಹಲದವರು ಒಂದಷ್ಟು ಮಂದಿ.

ಮೇಡಂ ಪಟ್ಟಿಯನ್ನು ನಿಧಾನವಾಗಿ ಓದಿದರು. "ಸಾರ್, ಹುಣ್ಣಿಮೆ, ಅಮಾವಾಸ್ಯೆ ಎರಡನ್ನೂ ತಗೊಂಡು, ಹಿಂದೆ ಮುಂದೆ ಎರಡೆರಡು ದಿನ ಸೇರಿಸಿದ್ರೆ ತಿಂಗಳಲ್ಲಿ ಎಷ್ಟು ದಿನ ಆಗುತ್ತೆ?"

"ಹತ್ತು."

"ಅಂದ್ರೆ ಚಂದ್ರನಿಗೆ ಸಂಬಂಧವೇ ಇಲ್ಲದಿದ್ರೂ ಮೂರರಲ್ಲಿ ಒಂದು ಭೂಕಂಪ ಆ ದಿನಗಳಲ್ಲೇ ಬೀಳಬೇಕಲ್ವಾ ಸಾರ್? ಬೀಳದೇ ಇದ್ದವು ಇದರಲ್ಲಿಲ್ಲ."

ಅವರೇ ಬರೆಸಿದರು. ಕೊಯ್ನಾ, 1967ರ ಡಿಸೆಂಬರ್ 11: ಹುಣ್ಣಿಮೆಗೆ ಇನ್ನೂ ಐದು ದಿನವಿತ್ತು. ನೇಪಾಳ, 2015ರ ಏಪ್ರಿಲ್ 25: ಅರ್ಧಚಂದ್ರ. ಚೀನಾದ ಹೈಚೆಂಗ್, 1975ರ ಫೆಬ್ರುವರಿ 4: ಅದೂ ಅರ್ಧಚಂದ್ರದ ಆಸುಪಾಸು. ಚಂದ್ರನ ಸೆಳೆತಕ್ಕೆ ಗಟ್ಟಿ ನೆಲವೂ ಸುಮಾರು ಒಂದಡಿ ಏರಿಳಿಯುವುದು ನಿಜ, ಆ ಒತ್ತಡದ ಮೇಲೆ ಸಂಶೋಧನೆಯೂ ನಡೆದಿದೆ, ಆದರೆ ಅದನ್ನು ನಂಬಿಕೊಂಡು ಇಂಥ ದಿನ, ಇಂಥ ಊರು ಅಂತ ಹೇಳಲಾಗದು ಎಂದರು. ಮೇಷ್ಟ್ರು ಎದುರು ವಾದಿಸಲಿಲ್ಲ, ಪೆನ್ನು ತೆಗೆದು ಆ ಮೂರನ್ನೂ ಪಟ್ಟಿಗೆ ಸೇರಿಸಿಕೊಂಡರು.

ಆಮೇಲೆ "ಹೈಚೆಂಗ್‌ನಲ್ಲಿ ಮುಂಚೆಯೇ ಹೇಳಿದ್ರಲ್ಲಮ್ಮ?" ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಅಲ್ಲಿ ದೊಡ್ಡ ಕಂಪನಕ್ಕೆ ಮೊದಲು ಸಣ್ಣ ಕಂಪನಗಳು ಸಾಲುಸಾಲಾಗಿ ಬಂದವು, ಜನರನ್ನು ಮನೆಯಿಂದ ಹೊರಗೆ ಕಳಿಸಿದರು, ಎಷ್ಟೋ ಜೀವ ಉಳಿಯಿತು. ಮರುವರ್ಷ ಜುಲೈ 28ರಂದು ಅದೇ ಚೀನಾದ ಟಾಂಗ್‌ಶಾನ್‌ನಲ್ಲಿ ಅಂಥ ಎಚ್ಚರಿಕೆ ಸಿಗಲಿಲ್ಲ. ಸರ್ಕಾರಿ ಲೆಕ್ಕದಲ್ಲೇ ಎರಡು ಲಕ್ಷದ ನಲವತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅಮೆರಿಕದ ಪಾರ್ಕ್‌ಫೀಲ್ಡ್‌ನಲ್ಲಿ 1993ರೊಳಗೆ ಭೂಕಂಪ ಬರುತ್ತದೆಂದು ವಿಜ್ಞಾನಿಗಳೇ ಉಪಕರಣ ಹೂಡಿ ಕೂತಿದ್ದರು. ಅದು ಬಂದದ್ದು 2004ರಲ್ಲಿ. ತಮ್ಮ ಕಡೆಯವರ ಸೋಲನ್ನೂ ಮೇಡಂ ಹೀಗೆ ಎಲ್ಲರ ಮುಂದೆ ಬಿಚ್ಚಿಟ್ಟದ್ದು ನನಗೆ ತುಂಬ ಹಿಡಿಸಿತು. ಪಟ್ಟಿ ನೋಡಿದ ಕೂಡಲೇ ನಕ್ಕು ಎದ್ದುಹೋಗುವ ವಿದ್ವಾಂಸರನ್ನು ಕಂಡಿದ್ದೇನೆ. ಅವರು ಎದ್ದುಹೋದ ಜಾಗದಲ್ಲಿ ಟಿವಿ ಜ್ಯೋತಿಷಿಗಳು ಬಂದು ಕೂರುತ್ತಾರೆ.

ರೈತರ ನೋಟ್‌ಬುಕ್ ಬೇರೆಯೇ ಥರದ್ದು. ಭೂಕಂಪಕ್ಕೆ ಮುಂಚೆ ಬೋರ್‌ವೆಲ್ ನೀರು ಇಳಿಯುತ್ತದೆಂಬುದು ಅವರ ನಂಬಿಕೆ. ನೀರೆತ್ತುವುದು ಬಿಟ್ಟಿರುವ ಒಂದು ಬೋರ್‌ವೆಲ್‌ಗೆ ಎರಡೆಳೆಯ ವೈರ್ ಇಳಿಬಿಡುತ್ತಾರೆ. ಹೊದಿಕೆ ಸುಲಿದ ತುದಿ ನೀರಿಗೆ ತಾಗಿದೊಡನೆ ಮೇಲೆ ಮೀಟರಿನ ಮುಳ್ಳು ಅಲ್ಲಾಡುತ್ತದೆ. ವೈರಿಗೆ ಅಡಿಗೊಂದರಂತೆ ಬಣ್ಣದ ದಾರ ಕಟ್ಟಿದ್ದಾರೆ, ಹತ್ತಡಿಗೊಂದು ಕೆಂಪು. ಟರ್ಕಿ ಭೂಕಂಪದ ಹಿಂದಿನ ರಾತ್ರಿ ನೀರು ಒಂದೂವರೆ ಅಡಿ ಇಳಿದಿದೆ ಎಂದು ಬರೆದಿತ್ತು.

"ನಾನು ಸುಳ್ಳು ಬರ್ದಿಲ್ಲ ಮೇಡಮ್ನೋರೆ."

"ಸುಳ್ಳು ಅಂತ ಯಾರಂದ್ರು ಯಜಮಾನ್ರೇ? ಅಳತೆ ಸರಿಯಾಗೇ ಇದೆ. ಆವತ್ತು ನಿಮಗೆ ತ್ರೀಫೇಸ್ ಕರೆಂಟು ಹಗಲಿತ್ತೋ ರಾತ್ರಿಯಿತ್ತೋ?"

ಯಜಮಾನರು ಸ್ವಲ್ಪ ಯೋಚಿಸಿದರು. "ರಾತ್ರಿ ಪಾಳಿ. ಪಕ್ಕದ ತೋಟದೋರ ಮೋಟ್ರು ಓಡ್ತಿತ್ತು."

ಇಬ್ಬರೂ ತಲೆ ಬಗ್ಗಿಸಿ ಹಾಳೆ ತಿರುವಿದರು. ರಾತ್ರಿ ಪಾಳಿಯ ವಾರಗಳಲ್ಲೆಲ್ಲ ರಾತ್ರಿಯ ನೀರು ಇಳಿದಿತ್ತು. ಬಾವಿಗೂ ಭೂಕಂಪಕ್ಕೂ ನಂಟಿಲ್ಲವೆಂದಲ್ಲ. 1964ರ ಅಲಾಸ್ಕ ಭೂಕಂಪದ ಅಲೆಗೆ ಸಾವಿರಾರು ಕಿಲೋಮೀಟರ್ ಆಚೆಯ ಬಾವಿಗಳಲ್ಲೂ ನೀರು ತುಳುಕಿತ್ತು, ಆದರೆ ಭೂಕಂಪ ಆದ ಮೇಲೆ. ಅಳತೆಯ ಗಂಟೆ, ಪಕ್ಕದ ಮೋಟರು, ಮಳೆ, ಗಾಳಿಯ ಒತ್ತಡ, ಇವಿಷ್ಟಕ್ಕೂ ಒಂದೊಂದು ಅಂಕಣ ಹಾಕಿಕೊಂಡರೆ ಈ ನೋಟ್‌ಬುಕ್ ತನಗೂ ಬೇಕು ಎಂದರು ಮೇಡಂ.

"ನಮ್ಮ ಮರಡಿಹಳ್ಳಿ ದಿಂಬುಗಲ್ಲು, ಅದೇ ಲಾವಾ ದಿಂಬಿನ ಥರ ಹೆಪ್ಪುಗಟ್ಟಿದ ಬಂಡೆ, ಸುಮಾರು 250 ಕೋಟಿ ವರ್ಷ ಹಳೇದು, ಈ ನೆಲಕ್ಕೇನು ಭಯ?" ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು. ಕಿಲ್ಲಾರಿಯನ್ನೂ ಭದ್ರ ನೆಲವೆಂದೇ ನಂಬಿದ್ದರು, ಆಗಿನ ನಕ್ಷೆಯಲ್ಲಿ ಅದಿದ್ದದ್ದು ಅತಿ ಕಡಿಮೆ ಅಪಾಯದ ವಲಯದಲ್ಲಿ. ತೀವ್ರತೆ 6.2ರ ಆಸುಪಾಸು, ಸತ್ತವರು ಹತ್ತು ಸಾವಿರದಷ್ಟು. ನಿದ್ದೆಯಲ್ಲಿದ್ದವರ ಮೇಲೆ ಬಿದ್ದದ್ದು ಅವರದೇ ಮನೆಯ ಕಲ್ಲುಮಣ್ಣಿನ ದಪ್ಪ ಗೋಡೆ, ಅದರ ಮೇಲಿನ ಮಣ್ಣಿನ ಮಾಳಿಗೆ.

ಯಜಮಾನರು ನೋಟ್‌ಬುಕ್ ಮುಚ್ಚಿದರು. "ನಮ್ದೂ ಮಾಳಿಗೆ ಮನೆನೇ. ಸೋರ್ತೈತೆ ಅಂತ ಹೋದ ವರ್ಷ ಇನ್ನೊಂದು ಲೋಡ್ ಮಣ್ಣು ಹಾಕ್ಸಿದೀನಿ."

ಆಮೇಲೆ ಮಾತೆಲ್ಲ ಆ ಮನೆಯದೇ ಆಯಿತು. ಮೇಲಿನ ಭಾರ ಎಷ್ಟು ಇಳಿಸಬಹುದು, ಗೋಡೆಯ ಒಳಮುಖ ಹೊರಮುಖ ಎರಡನ್ನೂ ಹಿಡಿಯುವ ಉದ್ದ ಕಲ್ಲುಗಳಿವೆಯೇ, ಬಾಗಿಲ ಮೇಲಿನ ಮಟ್ಟದಲ್ಲಿ ಸುತ್ತಲೂ ಕಾಂಕ್ರೀಟ್ ಪಟ್ಟಿ ಕೊಡಲು ಆಗುತ್ತದೆಯೇ. ಕಣ್ಣಾರೆ ನೋಡದೆ ಹೇಳಲಾಗದು ಎಂದರು ಮೇಡಂ. ರಜೆ ಮುಗಿಯುವುದರೊಳಗೆ ಒಂದು ದಿನ ಎಲ್ಲರೂ ಅವರ ಊರಿಗೆ ಹೋಗುವುದೆಂದಾಯಿತು. ಮೇಷ್ಟ್ರು ತಾವೂ ಬರುತ್ತೇವೆಂದರು. ಅಷ್ಟರಲ್ಲಿ 1900ರಿಂದೀಚಿನ ದೊಡ್ಡ ಭೂಕಂಪಗಳೆಲ್ಲದರ ತಿಥಿ ಬರೆದು ತರುತ್ತಾರಂತೆ, ಹುಣ್ಣಿಮೆಗೆ ಬೀಳಲಿ, ಅಷ್ಟಮಿಗೆ ಬೀಳಲಿ, ಒಂದನ್ನೂ ಬಿಡದೆ.