ಕೆಂಪು-ಹಳದಿ ಬಾವುಟ

ನಿನ್ನೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಜಾರ್ಜ್ ಮೆಲಿಯೆಸ್ ಅವರ ‘ಎ ಟ್ರಿಪ್ ಟು ದ ಮೂನ್’ ನೋಡಿದೆ. 1902ರ ಫ್ರೆಂಚ್ ಸಿನಿಮಾ, ಅದೂ ಬಣ್ಣದಲ್ಲಿ! ಒಂದೊಂದು ಫ್ರೇಮಿಗೂ ಕೈಯಲ್ಲೇ ಬಣ್ಣ ಹಚ್ಚಿದ್ದಾರೆ. ಬಣ್ಣ ಒಂಚೂರು ಗೆರೆ ದಾಟಿ ನಡುಗುತ್ತದೆ. ನೋಡ್ತಾ ನೋಡ್ತಾ ಕುಂಚ ಹಿಡಿದ ಕೈಗಳೇ ಕಂಡ ಹಾಗಾಯಿತು.

ರಾಕೆಟ್ ಹಾರುವಾಗ ಬೀಸುವ ಬಾವುಟ ನೋಡಿ, ಕೆಂಪು-ಹಳದಿ. ಸ್ಪೇನಿನದು. ಅಲ್ಲಿನವರಿಗಾಗಿ ಮಾಡಿದ ಪ್ರತಿ ಇರಬೇಕು.

ಬಣ್ಣದ ಪ್ರತಿಗಳೆಲ್ಲ ಕಳೆದೇಹೋದವು ಅಂತ ಎಷ್ಟೋ ವರ್ಷ ಅಂದುಕೊಂಡಿದ್ದರಂತೆ. 1993ರಲ್ಲಿ ಬಾರ್ಸಿಲೋನಾದಲ್ಲಿ ಇದು ಸಿಕ್ಕಿತು. ಆದರೆ ರೀಲು ಅಂಟಿಕೊಂಡು ಗಟ್ಟಿಯಾಗಿಬಿಟ್ಟಿತ್ತು. ತಿಂಗಳುಗಟ್ಟಲೆ ಕೂತು ಮೆಲ್ಲಗೆ ಬಿಡಿಸಿದರು. ಚೂರುಗಳನ್ನು ಜೋಡಿಸಿದರು. ಇಲ್ಲದ ಭಾಗಗಳನ್ನು ಕಪ್ಪು-ಬಿಳುಪು ಪ್ರತಿಯಿಂದ ತುಂಬಿದರು. 2011ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೋರಿಸಿದರು. ಸುಮಾರು ಕಾಲು ಗಂಟೆಯ ಸಿನಿಮಾಕ್ಕೆ ಇಷ್ಟು ತಾಳ್ಮೆ!

ಮೆಲಿಯೆಸ್ ಮಾತ್ರ ಬದುಕಿನಲ್ಲಿ ತುಂಬಾ ನೊಂದವರು. 1923ರಲ್ಲಿ ತಮ್ಮ ನೆಗೆಟಿವ್‌ಗಳನ್ನು ತಾವೇ ಸುಟ್ಟರು. ಆಮೇಲೆ ಪ್ಯಾರಿಸ್‌ನ ಮಾಂಪಾರ್ನಾಸ್ ರೈಲು ನಿಲ್ದಾಣದಲ್ಲಿ ಆಟಿಕೆ ಮಾರುತ್ತಿದ್ದರು. ಓದಿದಾಗ ಕರುಳು ಕಿವುಚಿದ ಹಾಗಾಯಿತು.

ಈಗ ಫ್ರಾನ್ಸಿನಲ್ಲಿ ಪ್ರತಿ ಸಿನಿಮಾ ಟಿಕೆಟ್ಟಿನ ದುಡ್ಡಲ್ಲಿ 10.72% ಸಿನಿಮಾಕ್ಕೇ ಅಂತ ತೆಗೆದಿಡುತ್ತಾರೆ. ಹಾಲಿವುಡ್ ಚಿತ್ರಕ್ಕೆ ಹೋದರೂ ಅಷ್ಟೇ. ಆ ನಿಧಿ ಹೊಸ ಚಿತ್ರ ಮಾಡುವವರಿಗೂ ಆಗುತ್ತದೆ, ಹಳೆಯದನ್ನು ಉಳಿಸೋದಕ್ಕೂ ಆಗುತ್ತದೆ. ಎಷ್ಟು ಒಳ್ಳೆಯ ಏರ್ಪಾಡು ಅಲ್ವಾ?

ಚಂದ್ರನ ಕಣ್ಣಿಗೆ ರಾಕೆಟ್ ನೆಟ್ಟುಕೊಳ್ಳುವ ದೃಶ್ಯವನ್ನು ಮೂರು ಸಲ ಹಿಂದೆ ಹಾಕಿ ನೋಡಿದೆ. ಸಂಜೆ ಮಗಳಿಗೂ ತೋರಿಸಬೇಕು.