ದಸರಾ ವಾರದ ಮೈಸೂರಿನಲ್ಲಿ ಊಟ, ಸಂಗೀತ, ಸುತ್ತಾಟ

ದಸರಾ ಅಂದ್ರೆ ಜಂಬೂಸವಾರಿ ಅಂತ ಆ ಒಂದು ದಿನಕ್ಕೇ ಮೈಸೂರಿಗೆ ಹೋಗುವವರು ಜಾಸ್ತಿ. ನಾನು, ಅಕ್ಕ ಬೇಕೆಂದೇ ನವರಾತ್ರಿಯ ನಡುವಿನ ದಿನಗಳಲ್ಲಿ ಹೋದೆವು. ಆಗ ರಸ್ತೆಯಲ್ಲಿ ಕಾಲಿಡಲು ಜಾಗ ಇರುತ್ತದೆ, ಊರಿನವರ ಜೊತೆ ಕೂತು ಹಬ್ಬ ನೋಡಬಹುದು.

ರೈಲಿಳಿದು ಬ್ಯಾಗು ಇಟ್ಟವರೇ ಮಹಾರಾಜ ಕಾಲೇಜು ಮೈದಾನದ ಆಹಾರ ಮೇಳಕ್ಕೆ ನಡೆದೆವು. ಉತ್ತರ ಕರ್ನಾಟಕದ ಜೋಳದ ರೊಟ್ಟಿ, ದಾವಣಗೆರೆ ಬೆಣ್ಣೆ ದೋಸೆ, ಕೊಡಗಿನ ಕಡುಬು, ಕರಾವಳಿಯ ನೀರು ದೋಸೆ, ಎಲ್ಲ ಇದ್ದವು. ಇವು ಹೇಗಿದ್ದರೂ ಬೇರೆ ಕಡೆಯೂ ಸಿಗುತ್ತವೆ. ನಾವು ನೇರ ಹೋಗಿದ್ದು ಆದಿವಾಸಿಗಳ ಮಳಿಗೆಗೆ.

ಅಲ್ಲಿ ಬೊಂಬು ಬಿರಿಯಾನಿ ಮಾಡುತ್ತಾರೆ. ಹಸಿ ಬಿದಿರಿನ ಬೊಂಬಿಗೆ ಮಸಾಲೆ ಕಲೆಸಿದ ಅಕ್ಕಿ, ಕೋಳಿ ತುಂಬಿ, ಬಾಯಿಯನ್ನು ಎಲೆಯಿಂದ ಬಿಗಿಯಾಗಿ ಮುಚ್ಚಿ ಕೆಂಡದ ಮೇಲೆ ಸಾಲಾಗಿ ಒರಗಿಸುತ್ತಾರೆ. ಹೊರಗೆ ಬಿದಿರು ಕಪ್ಪಾಗುತ್ತಿದ್ದಂತೆ ಒಳಗಿನ ಆವಿಯಲ್ಲೇ ಅನ್ನ ಬೇಯುತ್ತದೆ. ಎಣ್ಣೆ ಇಲ್ಲದೆಯೂ ಇಷ್ಟು ರುಚಿ ಬರುತ್ತದಾ ಅನ್ನಿಸಿತು. ಅನ್ನಕ್ಕೆ ಹಸಿ ಬಿದಿರಿನ ಘಮ ಹಿಡಿದಿತ್ತು. ಕಾಯಬೇಕು, ಸಾಲು ಉದ್ದ ಇರುತ್ತದೆ, ಆದರೂ ಬಿಡಬೇಡಿ. ಆಮೇಲೆ ಮಾಕಳಿ ಬೇರಿನ ಟೀ ಕುಡಿದೆವು. ಉಪ್ಪಿನಕಾಯಿಗೆ ಹಾಕುವ ಅದೇ ಮಾಕಳಿ. ಕಾಡಿನವರ ಅಡುಗೆಗೆ ನಗರದ ನಡುವೆ ಇಷ್ಟು ಜನ ಸಾಲು ನಿಲ್ಲುವುದು ನೋಡಿ ಮನಸ್ಸು ತುಂಬಿತು. ಇದು ವರ್ಷದ ಉಳಿದ ದಿನಗಳಲ್ಲೂ ಸಿಗುವಂತಾಗಬೇಕು ಅಲ್ವಾ?

ಸಂಜೆ ಅರಮನೆ. 1897ರ ಬೆಂಕಿಯಲ್ಲಿ ಹಳೆಯ ಮರದ ಅರಮನೆ ಸುಟ್ಟ ಮೇಲೆ ಹೆನ್ರಿ ಇರ್ವಿನ್ ಅವರ ವಿನ್ಯಾಸದಲ್ಲಿ ಕಟ್ಟಿ, 1912ರಲ್ಲಿ ಮುಗಿಸಿದ್ದು ಈಗಿನದು. ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹೊತ್ತಿಕೊಂಡಾಗ ಜನರೆಲ್ಲ 'ಹೋ' ಅಂದರು. ಅದರ ಎದುರಿನ ವೇದಿಕೆಯಲ್ಲಿ ಕಛೇರಿ ಕೇಳುವುದಕ್ಕೆ ಟಿಕೆಟ್ ಬೇಕಿಲ್ಲ. ಬೇಗ ಹೋದರೆ ಮುಂದಿನ ಕುರ್ಚಿ ಸಿಗುತ್ತದೆ. ನಾವು ಹೋದ ದಿನ ವೀಣೆ ಇತ್ತು. ಪಕ್ಕದಲ್ಲಿ ಕೂತಿದ್ದ ಅಜ್ಜಿ ಕಣ್ಣು ಮುಚ್ಚಿ ತಾಳ ಹಾಕುತ್ತಿದ್ದರು.

ಅರಮನೆಯಲ್ಲಿ ಜನ ಜಾಸ್ತಿ ಅನ್ನಿಸಿದರೆ ಜಗನ್ಮೋಹನ ಅರಮನೆ, ಕಲಾಮಂದಿರ, ಚಿಕ್ಕಗಡಿಯಾರದ ವೇದಿಕೆಗಳಿವೆ. ನನಗೆ ಹೆಚ್ಚು ಹಿಡಿಸಿದ್ದು ಚಿಕ್ಕಗಡಿಯಾರ. ದೇವರಾಜ ಮಾರ್ಕೆಟ್‌ಗೆ ಬಂದವರು ಹೂವಿನ ಚೀಲ ಹಿಡಿದೇ ನಿಂತು ಜಾನಪದ ಹಾಡು ಕೇಳುತ್ತಾರೆ.

ಬೆಳಿಗ್ಗೆ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನ ನೋಡಿದೆವು. ಮಕ್ಕಳಿದ್ದರೆ ಖಂಡಿತ ಹೋಗಿ. ಮಧ್ಯಾಹ್ನ ದೊಡ್ಡಕೆರೆ ಮೈದಾನದ ಕಡೆ ಕುಸ್ತಿ ಇತ್ತು. ಅಖಾಡದ ಸುತ್ತ ಕೂತ ಹಿರಿಯರು ಒಂದೊಂದು ಪಟ್ಟಿನ ಹೆಸರೂ ಹೇಳಿಕೊಡುತ್ತಿದ್ದರು. ರೈಲಿಗೆ ಹೊತ್ತಾಗುತ್ತಿದ್ದರೂ ಅಕ್ಕ ಏಳಲಿಲ್ಲ. "ಇನ್ನೊಂದು ಜೋಡಿ ನೋಡಿಬಿಡೋಣ, ಮುಂದಿನ ರೈಲಿದೆಯಲ್ಲ" ಅಂದಳು.